ಕಾಕಿ ತೋಟದ ಅಜ್ಜಿಯ ಒಪ್ಪಿಗೆ

ಹೋದ ತಿಂಗಳು ಜಪಾನಿನ ವಾಕೋದಲ್ಲಿ ಮನೆ ಬಾಡಿಗೆಯ ಕರಾರು ನವೀಕರಿಸಲು ಹೋಗಿದ್ದೆ. ಇಲ್ಲಿ ಎಷ್ಟೋ ಕಡೆ ಸಹಿಯ ಬದಲು ಹೆಸರಿನ ಮುದ್ರೆ ಒತ್ತುತ್ತಾರೆ. ಕಚೇರಿಯ ಹೆಂಗಸು ಕೆಂಪು ಮಸಿಯ ಡಬ್ಬಿ ತೆರೆದು ನನ್ನ ಕಡೆ ಸರಿಸಿದರು. ಎಣ್ಣೆ ಬೆರೆತ ಆ ವಾಸನೆಗೆ ಫುಕುವೋಕಾದ ತೋಟದ ಅಜ್ಜಿ ನೆನಪಾದರು.

ಆಗ ನಾನು ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧಕ. ಮುಚ್ಚಿಹೋದ ಗಣಿಗಳ ಸುತ್ತ, ಕಲ್ಲಿದ್ದಲ ಪದರಗಳಲ್ಲಿ ಉಳಿದಿರುವ ಅನಿಲವನ್ನು ತೆಗೆಯಬಹುದೇ ಎಂದು ನೋಡುವುದು ನಮ್ಮ ಕೆಲಸ. ಪರೀಕ್ಷೆಗೆ ಕೊರೆಯಲು ತಕ್ಕ ಜಾಗ ಅಜ್ಜಿಯ ಕಾಕಿ ಹಣ್ಣಿನ ತೋಟ ಒಂದೇ. ಅವರ ಗಂಡ ಗಣಿಯಲ್ಲಿ ದುಡಿದು ಮಾಡಿದ ತೋಟವದು. ಬಾವಿಯ ನೀರು ಪರೀಕ್ಷಿಸಲು ಹೋದಾಗಲೆಲ್ಲ ಅಜ್ಜಿ ಜಗಲಿಯಲ್ಲಿ ಕೂರಿಸಿ ಹಣ್ಣು ಹೆಚ್ಚಿ ಕೊಡುತ್ತಿದ್ದರು. ನನ್ನನ್ನು ಸೆನ್ಸೇ, ಅಂದರೆ ಮೇಷ್ಟ್ರೇ, ಎಂದೇ ಕರೆಯುತ್ತಿದ್ದರು.

ಒಂದು ದಿನ ಕೇಳಿದರು, "ಸೆನ್ಸೇ, ನೆಲ ನಂದು. ಅದರ ಅಡಿಯಲ್ಲಿರೋದು ಯಾರದು?"

"ಸರ್ಕಾರದ್ದು. ಕಾನೂನು ಹಾಗಿದೆ."

ಅದು ನಿಜ.

"ಹಾಗಾದ್ರೆ ನಾನು ಬೇಡ ಅಂದ್ರೂ ಕೊರೀತಾರಾ?"

ನೆಲದ ಒಡೆಯರು ಒಪ್ಪದೆ ಕೊರೆಯುವಂತಿರಲಿಲ್ಲ. ಬೇಡ ಎಂದಿದ್ದರೆ ನಮ್ಮ ಯೋಜನೆ ಅಲ್ಲಿಗೇ ನಿಲ್ಲುತ್ತಿತ್ತು, ನನ್ನ ಕೆಲಸವೂ. ಅಂದು ಬೆಳಗ್ಗೆಯಷ್ಟೇ ಪ್ರೊಫೆಸರ್ ಅದನ್ನು ಬಿಡಿಸಿ ಹೇಳಿದ್ದರು.

"ಹೌದು, ಕೊರೀತಾರೆ," ಅಂದೆ.

ಅಜ್ಜಿ ಒಳಗೆ ಹೋಗಿ ಮುದ್ರೆ, ಕೆಂಪು ಮಸಿ ತಂದು ಒಪ್ಪಿಗೆ ಪತ್ರಕ್ಕೆ ಒತ್ತಿದರು.

ಹೆಂಡತಿಗೆ ಹೇಳಿದಾಗ ಅವಳು ಊಟ ಬಿಟ್ಟು ನನ್ನ ಮುಖ ನೋಡಿದಳು. "ಅಜ್ಜಿಗೆ ನಿಜ ಹೇಳ್ಬಿಡಿ ರೀ. ಕಾಂಟ್ರಾಕ್ಟ್ ಹೋದ್ರೆ ಹೋಗ್ಲಿ."

"ಊರವರ ಮೀಟಿಂಗ್ ಒಂದಿದೆ, ಅದು ಮುಗೀಲಿ, ಹೇಳ್ತೀನಿ."

ಊರ ಸಭಾಭವನದಲ್ಲಿ ಆ ಸಭೆ ನಡೆಯಿತು. ಊರಿಗೆ ಕೆಲಸ ಬರುತ್ತದೆ ಎಂದು ಒಂದು ಪಕ್ಷ, ಗಣಿಯ ಕಾಲದಂತೆ ನೆಲ ಮತ್ತೆ ಕುಸಿಯುತ್ತದೆ ಎಂದು ಇನ್ನೊಂದು. ಕೊರೆಯುವುದು ಬೇಡ ಎನ್ನುವವರಲ್ಲಿ ಒಬ್ಬರು ನನ್ನ ಕಡೆ ತಿರುಗಿದರು. "ಇವರು ನಾಳೆ ತಮ್ಮ ದೇಶಕ್ಕೆ ಹೋಗೋರು. ತೋಟದವರಿಗೆ ಏನು ಹೇಳಿ ಒಪ್ಪಿಸಿದ್ರು?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಲ್ಲಿ ಅಜ್ಜಿ ಎದ್ದರು. "ಸುಮಿಮಾಸೆನ್," ಎಂದು ಕ್ಷಮೆ ಕೇಳಿ ಸಭೆಗೆ ಬಾಗಿದರು. "ಸೆನ್ಸೇ ನನಗೆ ಎಲ್ಲಾ ತಿಳಿಸಿ ಹೇಳಿದಾರೆ. ಸುಳ್ಳು ಹೇಳೋ ಮನುಷ್ಯ ಅಲ್ಲ. ನಾನೇ ಒಪ್ಪಿದೀನಿ."

ಮೈಕು ನನ್ನ ಕೈಯಲ್ಲೇ ಇತ್ತು. ಇಡೀ ಸಭೆ ಕಾಯುತ್ತಿತ್ತು. ನಾನು ಅಜ್ಜಿಗೆ ತಲೆಬಾಗಿ, "ಅರಿಗಾತೋ," ಎಂದು ಧನ್ಯವಾದ ಹೇಳಿ ಕೂತುಬಿಟ್ಟೆ.

ಮರಗಳನ್ನು ಕಡಿದರು, ಕೊರೆದರು. ನಿರೀಕ್ಷಿಸಿದಷ್ಟು ಅನಿಲ ಸಿಗಲಿಲ್ಲ. ಕೊರೆದ ಜಾಗಕ್ಕೆ ಸಿಮೆಂಟು ಹಾಕಿ ಎಲ್ಲರೂ ಹೊರಟರು. ನನಗೆ ವಾಕೋದಲ್ಲಿ ಕೆಲಸ ಸಿಕ್ಕಿತು. ಹೇಳಬೇಕಾದದ್ದನ್ನು ಹೇಳದೆ ಊರು ಬಿಟ್ಟೆ. ಆಮೇಲೆ ವರ್ಷಗಳು...

ಕರಾರು ಮುಗಿಸಿ ಬಂದವನು ಅಂದೇ ಅಜ್ಜಿಗೆ ಪತ್ರ ಬರೆದೆ. ಒಂದನ್ನೂ ಮುಚ್ಚಿಡಲಿಲ್ಲ. ಜಪಾನಿ ತಿದ್ದಲು ಕೂತ ಮಗಳು ಮೊದಲ ಸಾಲು ಓದಿ, "ಅಪ್ಪಾ, ವೈ ಸಾರಿ?" ಎಂದು ಕೇಳಿದಳು. ಕಾಗದವನ್ನು ಅವಳ ಕೈಯಿಂದ ತೆಗೆದುಕೊಂಡು, ತಪ್ಪುಗಳಿದ್ದಂತೆಯೇ ಕಳಿಸಿದೆ.

ಉತ್ತರ ಅಜ್ಜಿಯ ಮಗಳಿಂದ ಬಂತು. ಅಮ್ಮ ಈ ಚಳಿಗಾಲದಲ್ಲಿ ತೀರಿಕೊಂಡರು, ನಿಮ್ಮ ಬಗ್ಗೆ ಕೊನೆಯವರೆಗೂ ಹೆಮ್ಮೆಯಿಂದ ಹೇಳುತ್ತಿದ್ದರು, ಅವರ ಹೆಸರಿಗೆ ಬಂದ ಪತ್ರವಾದ್ದರಿಂದ ಒಡೆಯದೆ ಫೋಟೋದ ಮುಂದೆ ಇಟ್ಟಿದ್ದೇವೆ ಎಂದಿತ್ತು.

ಒಡೆದು ಓದಿ ಎಂದು ಅಜ್ಜಿಯ ಮಗಳಿಗೆ ಬರೆಯಬೇಕು. ಇನ್ನೂ ಬರೆದಿಲ್ಲ.