ಕ್ಯಾಪ್ಟನ್ ಎತ್ತಿದ ತೂಬು

ನಾನು ಇಪ್ಪತ್ತಮೂರು ವೈಜ್ಞಾನಿಕ ಕಾದಂಬರಿ ಬರೆದಿದ್ದೇನೆ. ಒಂದೂ ನನ್ನದಲ್ಲ. ವಿನಯಕ್ಕೆ ಹೀಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಸಹಿ ಹಾಕಿದ ಕಾಗದದಲ್ಲೇ ಹಾಗಿದೆ. ಮಕ್ಕಳ ಟೀವಿ ಧಾರಾವಾಹಿಯೊಂದರಲ್ಲಿ ಒಬ್ಬ ಅಂತರಿಕ್ಷ ಕ್ಯಾಪ್ಟನ್ ಇದ್ದ. ಅವನು ಮನೆಮಾತಾದ ಮೇಲೆ ಧಾರಾವಾಹಿಯ ಕಂಪನಿಯವರು ಅವನ ಸಾಹಸಗಳನ್ನು ಪುಸ್ತಕ ಮಾಡಿ ಮಾರತೊಡಗಿದರು. ಮಳವಳ್ಳಿಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು ಬೆಳಿಗ್ಗೆ ಬೇಗ ಎದ್ದು, ಕಚೇರಿಗೆ ಹೋಗುವ ಮುಂಚೆ ಅವನನ್ನು ಗ್ರಹದಿಂದ ಗ್ರಹಕ್ಕೆ ಓಡಿಸುತ್ತಿದ್ದೆ.

ಕಂಪನಿಯವರು ನಾಲ್ಕು ಪುಟದ ನಿಯಮ ಕೊಟ್ಟಿದ್ದರು. ಕ್ಯಾಪ್ಟನ್ ಸಾಯಬಾರದು, ಸೋಲಬಾರದು, ಮದುವೆಯಾಗಬಾರದು. ಕೊನೆಯ ಗಂಡಾಂತರ ಅವನ ಕೈಯಿಂದಲೇ ತಪ್ಪಬೇಕು. ಬರೆಯುವವನು ಹೊಸದಾಗಿ ಹುಟ್ಟಿಸಿದ ಪಾತ್ರ ಯಾವುದೂ ಕೊನೆಯ ಪುಟ ದಾಟಿ ಉಳಿಯಬಾರದು. ಬಾಡಿಗೆ ಮನೆ ಬಿಡುವಾಗ ಗೋಡೆಗೆ ಹೊಡೆದ ಮೊಳೆಯನ್ನೆಲ್ಲ ಕಿತ್ತು ಹೋಗಬೇಕಲ್ಲ, ಹಾಗೆ.

ಇದರ ಮಧ್ಯೆ ನನ್ನದೇ ಆದ ಒಂದು ಕಾದಂಬರಿ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬೆಳೆಯುತ್ತಿತ್ತು. ಅದರ ನಾಯಕ ನಮ್ಮಪ್ಪ. ಬೆಳಕವಾಡಿ ದಿಕ್ಕಿನ ನಮ್ಮೂರಿನಲ್ಲಿ ಅಪ್ಪ ನೀರಗಂಟಿಯಾಗಿದ್ದ. ಕೆರೆಯ ನೀರನ್ನು ಗದ್ದೆಗದ್ದೆಗೂ ಸರದಿಯಂತೆ ಬಿಡುವ ಕೆಲಸ. ತುಂಬಿದ ಕೆರೆಯಲ್ಲಿ ಮುಳುಗಿ, ತಳದ ತೂಬನ್ನು ಎತ್ತಿ ನೀರು ಹರಿಸುತ್ತಿದ್ದವನು ಅವನು. ಸರದಿ ಗೊತ್ತು ಮಾಡುತ್ತಿದ್ದವರು ಮಾತ್ರ ಮೇಲಿನ ಬಯಲಿನ ದೊಡ್ಡ ಜಮೀನಿನವರು. ಕೊನೆಯ ಗದ್ದೆಗಳು ನಮ್ಮ ಕೇರಿಯವು. ಅಲ್ಲಿಗೆ ನೀರು ಬರುವ ಹೊತ್ತಿಗೆ ಪೈರು ಸುಣ್ಣದ ಬಣ್ಣಕ್ಕೆ ತಿರುಗಿರುತ್ತಿತ್ತು. ಕೆರೆ ತುಂಬಿದ ವರ್ಷ ಬಾಗಿನ ಬಿಡುವಾಗ ಹಾರ ಹಾಕಿಸಿಕೊಂಡು ಫೋಟೊಗೆ ನಿಲ್ಲುತ್ತಿದ್ದವರೂ ಆ ದೊಡ್ಡ ಜಮೀನಿನವರೇ. ಅಪ್ಪ ಏರಿಯ ಆ ತುದಿಯಲ್ಲಿ ಒದ್ದೆ ಚಡ್ಡಿಯಲ್ಲಿ ನಿಂತಿರುತ್ತಿದ್ದ.

ನನ್ನ ಕಾದಂಬರಿಯಲ್ಲಿ ಎರಡು ಸೂರ್ಯರ ಒಂದು ಗ್ರಹ, ಇಡೀ ಗ್ರಹಕ್ಕೆ ಒಂದೇ ಕೆರೆ, ಅದಕ್ಕೊಬ್ಬ ನೀರಗಂಟಿ. ಅವನು ಒಂದು ದಿನ ಯಾರ ಅಪ್ಪಣೆಗೂ ಕಾಯದೆ ತೂಬು ಎತ್ತಿ, ಮೊದಲ ನೀರನ್ನು ಕೊನೆಯ ಗದ್ದೆಗೆ ಬಿಡುತ್ತಾನೆ.

ಅಪ್ಪನಿಗೆ ಓದು ಬರುತ್ತಿರಲಿಲ್ಲ. ಮಳವಳ್ಳಿಗೆ ನಮ್ಮ ಜೊತೆಗೆ ಬಂದ ಮೇಲೆ, ಭಾನುವಾರ ಬಂತೆಂದರೆ ಜಗಲಿಯ ಮೇಲೆ ಕೂತು ಬರೆದಷ್ಟನ್ನು ಓದಿಸಿಕೊಂಡು ಕೇಳುತ್ತಿದ್ದ. ತಪ್ಪು ಕಂಡರೆ ಬಿಡುತ್ತಿರಲಿಲ್ಲ.

"ತೂಬು ಕಣ್ಣಿಗೆ ಕಾಣ್ತು ಅಂತ ಬರ್ದಿದ್ದೀಯಲ್ಲಾ, ಕೆಸರು ನೀರ್ನಲ್ಲಿ ಏನ್ಲಾ ಕಾಣ್ತದೆ? ಕಾಲಲ್ಲಿ ತಡಕ್ಬೇಕು."

"ಆಯ್ತು ಕಣಪ್ಪ, ತಿದ್ತೀನಿ."

"ಕೊನೇ ಗದ್ದೆಗೆ ನೀರು ಬುಡೋದು ಯಾವಾಗ?"

"ಕೊನೇಲಿ."

"ಬೇಗ ಬರಿ. ನಾನು ಕೇಳ್ಬೇಕು ಅದ."

ಬೇಗ ಬರೆಯಲಿಲ್ಲ. ಕ್ಯಾಪ್ಟನ್‌ನ ಪುಸ್ತಕಕ್ಕೆ ಗಡುವಿತ್ತು, ಅಪ್ಪನ ಪುಸ್ತಕಕ್ಕೆ ಇರಲಿಲ್ಲ. ಒಂದು ಸಲ ಬೆಂಗಳೂರಿನಿಂದ ಕಂಪನಿಯ ಸಂಪಾದಕರು ಫೋನ್ ಮಾಡಿ, ಹದಿನೈದು ದಿನದಲ್ಲಿ ಹೊಸ ಕಾದಂಬರಿ ಬೇಕು ಅಂದರು. ನನ್ನ ತಲೆಯಲ್ಲಿ ಕಥೆ ಇರಲಿಲ್ಲ. ಇಲ್ಲ ಅಂದರೆ ಬೇರೆಯವರನ್ನು ನೋಡಿಕೊಳ್ಳುತ್ತಾರೆಂಬ ಭಯ. ನೋಟ್‌ಬುಕ್ ತೆಗೆದೆ. ಎರಡು ಸೂರ್ಯರ ಗ್ರಹಕ್ಕೆ ಕ್ಯಾಪ್ಟನ್‌ನನ್ನು ಇಳಿಸಿದೆ. ಒಂಬತ್ತೇ ದಿನದಲ್ಲಿ ಮುಗಿಯಿತು. ಮುಗಿಯದೆ ಏನು, ಅರ್ಧ ಕೆಲಸ ಅಪ್ಪ ಮಾಡಿಟ್ಟಿದ್ದ.

ನೀರಗಂಟಿ ಕೊನೆಯ ಪುಟ ದಾಟುವ ಹಾಗಿರಲಿಲ್ಲವಲ್ಲ, ಹಾಗಾಗಿ ತೂಬು ಮುಟ್ಟುವ ಮೊದಲೇ ಅವನನ್ನು ಕೆರೆಯಲ್ಲಿ ಮುಳುಗಿಸಿ ಸಾಯಿಸಿದೆ. ಕ್ಯಾಪ್ಟನ್ ಹಾರಿ, ತೂಬು ಎತ್ತಿ, ಚಪ್ಪಾಳೆ ಗಿಟ್ಟಿಸಿಕೊಂಡು ಹೋದ. ಸಂಪಾದಕರು ಇಂಥ ಪುಸ್ತಕ ಇದುವರೆಗೆ ಬಂದಿರಲಿಲ್ಲ ಅಂದರು.

ನನ್ನ ದಡ್ಡತನ ನೋಡಿ, ಅದನ್ನು ಹೆಮ್ಮೆಯಿಂದ ಅಪ್ಪನಿಗೆ ಓದಿ ಹೇಳಿದೆ. ಅಚ್ಚಾಗಿ ಬಂದದ್ದು ಕಂಡರೆ ಖುಷಿಪಡುತ್ತಾನೆ ಅಂದುಕೊಂಡಿದ್ದೆ. ಅಪ್ಪ ಕೊನೆಯವರೆಗೂ ಕೇಳಿ ಒಂದು ಪ್ರಶ್ನೆ ಹಾಕಿದ.

"ಅವ್ನಿಗೆ ತೂಬು ಎಲ್ಲದೆ ಅಂತ ಯಾರ್ಲಾ ತೋರ್ಸುದ್ರು?"

"ಅವ್ನು ಹೀರೋ ಕಣಪ್ಪ. ಅವ್ನೇ ಎತ್ಬೇಕು ಅಂತ ರೂಲ್ಸು."

"ಅಲ್ಲೂ ಅದೇಯಾ ರೂಲ್ಸು?" ಅಂದ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದ.

ಆಮೇಲೆ ನಾನು ಸಂಪಾದಕರನ್ನು ಕೇಳಿದೆ, ಆ ನೀರಗಂಟಿಯನ್ನು ಇಟ್ಟುಕೊಂಡು ನನ್ನ ಕಾದಂಬರಿ ಬರೆಯಬಹುದೇ ಎಂದು. ಆ ಪುಸ್ತಕಗಳಲ್ಲಿ ಬಂದ ಪಾತ್ರಗಳೆಲ್ಲ ಕಂಪನಿಯ ಸ್ವತ್ತು ಎಂದು ಅವರು ಸಮಾಧಾನವಾಗಿಯೇ ತಿಳಿಸಿದರು. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಹಗುರವಾಯಿತು. ಬರೆಯದಿರುವುದಕ್ಕೆ ಒಂದು ನೆಪ ಸಿಕ್ಕಿತ್ತು. ಊರು ಬೇರೆ, ಗ್ರಹ ಬೇರೆ ಮಾಡಿ ಬರೆದಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಬರೆಯಲಿಲ್ಲ. ಕ್ಯಾಪ್ಟನ್‌ಗೆ ಮತ್ತೆ ಹತ್ತು ಪುಸ್ತಕ ಬರೆದೆ. ಅಪ್ಪ ಭಾನುವಾರ ಓದು ಅನ್ನುವುದನ್ನು ನಿಲ್ಲಿಸಿದ್ದ. ಅದನ್ನು ಆಗ ನಾನು ಗಮನಿಸಿರಲೂ ಇಲ್ಲ.

ಕೊನೆಗಾಲದಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದ. ಒಂದು ಮಧ್ಯಾಹ್ನ, ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದಾಗ, ತಾನಾಗಿಯೇ ಕೇಳಿದ. "ಆ ಕೆರೆ ಪುಸ್ತಕ ಓದ್ಲಾ ಒಸಿ."

ತಂದು ಓದಿದೆ. ಕೊನೆಯ ಅಧ್ಯಾಯಕ್ಕೆ ಬಂದಾಗ ಪುಸ್ತಕದ ಮೇಲೆ ಕಣ್ಣಿಟ್ಟುಕೊಂಡೇ ಬೇರೆ ಹೇಳಿದೆ. ನೀರಗಂಟಿ ಮುಳುಗಿದ, ಕಾಲಲ್ಲಿ ತಡಕಿದ, ತೂಬು ಎತ್ತಿದ, ನೀರು ಕೊನೆಯ ಗದ್ದೆಗೆ ನುಗ್ಗಿತು. ಇಷ್ಟು ವರ್ಷ ಆಗದ ಕೊನೆ ಎರಡು ನಿಮಿಷದಲ್ಲಿ ಬಾಯಿಗೆ ಬಂತು.

ಅಪ್ಪ ಕಣ್ಣು ಮುಚ್ಚಿಕೊಂಡೇ ಇದ್ದ.

"ಪುಸ್ತಕ್ದಲ್ಲಿ ಅಂಗಿಲ್ವಲ್ಲಾ."

"ಈಗ ಬದ್ಲಾಯ್ಸಿದೀನಿ ಕಣಪ್ಪ."

"ಬಾಯಲ್ಲಿ ಬದ್ಲಾಯ್ಸುದ್ರೆ ಆಯ್ತದಾ? ಅಚ್ಚಾಗಿರೋದ ಓದು."

ನಾನು ಒಂದು ಹಾಳೆ ಹಿಂದಕ್ಕೆ ತಿರುಗಿಸಿ, ಅಪ್ಪನ ಎದುರಿಗೇ ನೀರಗಂಟಿಯನ್ನು ಇನ್ನೊಂದು ಸಲ ಸಾಯಿಸಿದೆ.