ಗರಿಹುಳ ಸಾಕಿದ ನರ್ಸಬಾಯಿ

ಅವರ ಬಲಗೈಯ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ಒಡೆದಿರುತ್ತಿದ್ದವು. ಹೆರಿಗೆ ವಾರ್ಡಿನ ಸೋಪು, ಸ್ಪಿರಿಟ್ಟು ಒಂದು ಕಾರಣ, ಉಪ್ಪು ಇನ್ನೊಂದು. ಆ ಒರಟು ಬೆರಳು ಹೊಟ್ಟೆಗೆ ತಾಗಿದರೆ ಬಸುರಿಯರು ಮೊದಲು ಬೆಚ್ಚಿ, ಆಮೇಲೆ ಸುಮ್ಮನಾಗುತ್ತಿದ್ದರು. ನನ್ನ ಹೊಟ್ಟೆಯನ್ನೂ ಅವು ಮುಟ್ಟಿವೆ.

ಎಪ್ಪತ್ತರ ದಶಕದ ನಡುವಿನ ಮಾತು. ಮುದ್ದೇಬಿಹಾಳದಲ್ಲಿ ನಾನು ಹೊಸದಾಗಿ ಪಾಠ ಹೇಳಲು ಬಂದ ಸಾಲಿ ಅಕ್ಕೋರು, ಅವರು ಸರಕಾರಿ ಆಸ್ಪತ್ರೆಯ ನರ್ಸಬಾಯಿ. ನಮ್ಮಿಬ್ಬರ ಬಾಡಿಗೆ ಕೋಣೆಗಳಿಗೆ ಒಂದೇ ಗೋಡೆ. ನನ್ನ ಯಜಮಾನರು ಆಲಮಟ್ಟಿಯ ಡ್ಯಾಮಿನ ಕಚೇರಿಯಲ್ಲಿದ್ದು ಭಾನುವಾರಕ್ಕೊಮ್ಮೆ ಬರುತ್ತಿದ್ದರು. ನರ್ಸಬಾಯಿ ಕಾರವಾರದ ಕಡೆಯವರು. ನಮ್ಮ ಮಾತನ್ನು ನಮಗಿಂತ ಜೋರಾಗಿ ಆಡುತ್ತಿದ್ದರು. ಗಂಡನ ಸುದ್ದಿ ತೆಗೆದರೆ ಮಾತ್ರ ಎದ್ದು ಒಲೆ ಹೊತ್ತಿಸುತ್ತಿದ್ದರು.

ಸಮುದ್ರವನ್ನು ನಕಾಶೆಯಲ್ಲಿ ಮಾತ್ರ ತೋರಿಸಿ ಪಾಠ ಹೇಳುವ ಊರು ನಮ್ಮದು. ಅವರ ಕೋಣೆಯಲ್ಲಿ ಮಾತ್ರ ನಾಲ್ಕು ಕೊಡ ಸಮುದ್ರವಿತ್ತು. ಕಬ್ಬಿಣದ ಚೌಕಟ್ಟಿನ ಗಾಜಿನ ತೊಟ್ಟಿ, ಒಳಗೊಂದು ಕಲ್ಲು, ಕಲ್ಲಿಗೆ ಅಂಟಿದ ಬೆರಳುದ್ದದ ತೊಗಲಿನಂಥ ಕೊಳವೆ. ಅದರ ಬಾಯಿಂದ ಕಂದು, ಬಿಳಿ ಪಟ್ಟೆಯ ಗರಿಗಳು ಸುತ್ತಲೂ ಅರಳಿದ್ದವು. ಹೂವು ಚೆಂದ ಇದೆ ಎಂದು ನಾನು ಬಗ್ಗಿದ್ದೇ ತಡ, ನೆರಳು ಬಿದ್ದು ಗರಿಯೆಲ್ಲ ಒಳಗೆ ಹೋಗಿಬಿಟ್ಟಿತು. "ಹೂವಲ್ರಿ ಅಕ್ಕೋರ, ಹುಳ ಐತಿ. ನಿಮ್ಮನ್ನ ಕಂಡು ಅಂಜೇತಿ," ಎಂದು ನಕ್ಕರು.

ದೀಪಾವಳಿ ರಜೆಗೆ ಊರಿಗೆ ಹೋದಾಗ ಸಮುದ್ರ ಇಳಿತದ ಹೊತ್ತು ನೋಡಿ ಬಂಡೆಗಳ ಬುಡದಲ್ಲಿ ಹುಡುಕುತ್ತಿದ್ದರಂತೆ. ಕೊಳವೆ ಹಿಡಿದು ಎಳೆದರೆ ಹುಳ ಹರಿದುಹೋಗುತ್ತದೆ. ಅಂಟಿದ ಕಲ್ಲನ್ನೇ ಉಳಿಯಿಂದ ಎಬ್ಬಿಸಬೇಕು. ಕ್ಯಾನುಗಳಲ್ಲಿ ಸಮುದ್ರದ ನೀರು, ಡಬ್ಬಿಯಲ್ಲಿ ಹುಳ, ಎರಡು ದಿನದ ಬಸ್ ಪ್ರಯಾಣ. ಕಂಡಕ್ಟರ್ ಒಬ್ಬ ಯಾವ ದೇವರ ತೀರ್ಥವೆಂದು ಕೇಳಿ, ಇವರು ಹೇಳುವ ಮೊದಲೇ ಕೈಮುಗಿದಿದ್ದನಂತೆ.

ಸಾಕುವುದು ಅದಕ್ಕಿಂತ ಕಷ್ಟ. ಲಾರಿಯ ಟ್ಯೂಬಿಗೆ ಸೈಕಲ್ ಅಂಗಡಿಯಲ್ಲಿ ಗಾಳಿ ತುಂಬಿಸಿ, ಸಲೈನ್ ಹಾಕುವ ರಬ್ಬರ್ ನಳಿಕೆಯಿಂದ ಗುಳ್ಳೆ ಗುಳ್ಳೆಯಾಗಿ ನೀರಿಗೆ ಬಿಡುತ್ತಿದ್ದರು. ಬೇಯಿಸಿದ ತತ್ತಿಯ ಹಳದಿಯನ್ನು ಬಟ್ಟೆಯಲ್ಲಿ ಸೋಸಿ ಎರಡು ಹನಿ ಊಟ. ಉಪ್ಪಿನ ಪ್ರಮಾಣ ನೋಡಲು, ಮೂತ್ರ ಪರೀಕ್ಷೆಗೆಂದು ಇದ್ದು ಆಸ್ಪತ್ರೆಯವರು ಬೇಡವೆಂದು ಬಿಟ್ಟ ಗಾಜಿನ ತೇಲುಕಡ್ಡಿ. ಅದನ್ನು ಕೇಳಿದ ಮೇಲೆ ನಾನು ಒಂದು ವಾರ ಅವರ ಮನೆಯ ಚಹಾ ಕುಡಿಯಲಿಲ್ಲ. ತೊಟ್ಟಿಯ ಗಾಜಿನ ಮೇಲೆ ಕೆಂಪು ಗೆರೆಯಿತ್ತು. ನೀರು ಗೆರೆಯಿಂದ ಇಳಿದರೆ ಸಿಹಿನೀರನ್ನೇ ಹಾಕಬೇಕು. "ನೀರು ಹಾರ್ತೈತಿ, ಉಪ್ಪು ಹಾರೂದಿಲ್ಲ," ಎನ್ನುತ್ತಿದ್ದರು.

ಆ ಬೇಸಿಗೆಯಲ್ಲಿ ಅವರನ್ನು ಇಪ್ಪತ್ತು ದಿನ ಬಸವನ ಬಾಗೇವಾಡಿಯ ಕುಟುಂಬ ಯೋಜನೆ ಆಪರೇಶನ್ ಕ್ಯಾಂಪಿಗೆ ಹಾಕಿದರು. ಹುಳವನ್ನು ನನ್ನ ಕೈಗೆ ಒಪ್ಪಿಸಿ ಹೋದರು. ಆಗ ಸಿಹಿನೀರಿಗೆ ಅರ್ಧ ಮೈಲಿ ನಡೆಯಬೇಕು, ನನಗೆ ಮೂರು ತಿಂಗಳು ತುಂಬಿ ವಾಂತಿ ಬೇರೆ. ಹೇಗೂ ಸಮುದ್ರ, ಅದಕ್ಕೆ ಕುಡಿಯುವ ನೀರು ಯಾಕೆ ದಂಡ ಎಂದು ಅಂಗಳದ ಸವಳು ಬಾವಿಯ ನೀರನ್ನೇ ಸುರಿಯುತ್ತ ಹೋದೆ. ಒಂದು ಮುಂಜಾನೆ ಗರಿಗಳೆಲ್ಲ ಉದುರಿ ತಳದಲ್ಲಿ ಬಿದ್ದಿದ್ದವು. ನಾಲ್ಕು ದಿನ ನೋಡಿದೆ, ಕೊಳವೆ ಬರೀ ಕೊಳವೆ. ಕಲ್ಲಿನ ಸಮೇತ ಎತ್ತಿ ತಿಪ್ಪೆಗೆ ಹಾಕಿ ಕೈ ತೊಳೆದುಕೊಂಡೆ.

ಅವರು ಬಂದು ಎಲ್ಲ ಕೇಳಿದರು. ಸವಳು ನೀರಿಗೆ ಬೈಯಲಿಲ್ಲ, ತಿಳಿಯದೆ ಆಗಿದ್ದು ಎಂದರು. ತಿಪ್ಪೆಗೆ ಹೋಗಿ ಒಣಗಿದ ಕೊಳವೆಯನ್ನು ಹುಡುಕಿ ತಂದರು. "ಜೀವಕ್ಕ ಸಂಕಟ ಬಂದ್ರ ಅದು ಗರಿ ಉದುರಸ್ತೈತಿ. ಒಳಗ ಜೀವ ಹಿಡಕೊಂಡು ಕುಂತಿರತೈತಿ. ಮೂರು ವಾರಕ್ಕ ಮತ್ತ ಗರಿ ಬರ್ತಿದ್ದುವು. ಹೋತು ಅಂತ ಹೇಳಾಕ ನಿಮಗಷ್ಟು ಅವಸರ ಯಾಕ ಬೇಕಾಗಿತ್ರಿ ಅಕ್ಕೋರ?"

ನನ್ನ ಹೆರಿಗೆ ದೀಪಾವಳಿಗೆ ಸ್ವಲ್ಪ ಮುಂಚೆ, ಒಂದು ಮಧ್ಯಾಹ್ನ, ಅವರ ಆಸ್ಪತ್ರೆಯಲ್ಲೇ. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿತ್ತು. ಹೆಣ್ಣು ಮಗು, ಅಳಲಿಲ್ಲ. ನರ್ಸಬಾಯಿ ಬಾಯೊಳಗಿನ ಲೋಳೆ ತೆಗೆದರು, ಬೆನ್ನು ತಿಕ್ಕಿದರು, ಬಟ್ಟೆ ಹಾಕಿ ತಮ್ಮ ಬಾಯಿಂದ ಉಸಿರು ಊದಿದರು. ಕಾಲು ಗಂಟೆಯಾಯಿತು. ನಮ್ಮತ್ತೆ ಬಿಳಿ ಬಟ್ಟೆ ಹಿಡಿದು ಬಂದು, ಸಾಕು ಬಿಡ್ರಿ, ತಾಯಿ ಕಣ್ಣಿಗೆ ಬೀಳಿಸಬೇಡ್ರಿ ಎಂದರು. ಸತ್ತ ಕೂಸನ್ನು ತಾಯಿಗೆ ತೋರಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ನರ್ಸಬಾಯಿ ತಿರುಗಿಯೂ ನೋಡಲಿಲ್ಲ. "ತಡ್ರಿ. ನಾ ಇನ್ನಾ ಹೇಳಿಲ್ಲ."

ಊದುತ್ತಲೇ ಇದ್ದರು. ಅವರ ಸೀರೆ ಬೆವರಿಗೆ ಬೆನ್ನಿಗಂಟಿದ್ದನ್ನು ನಾನು ಮಲಗಿದಲ್ಲಿಂದ ನೋಡುತ್ತಿದ್ದೆ. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ ಪೂರಾ ಕಳೆಯಿತು. ಕೊನೆಗೆ ಮಗುವಿನ ಮೈ ತೊಳೆದು, ತಲೆ ಒರೆಸಿ, ಸುತ್ತಿ, ಅತ್ತೆಯನ್ನು ದಾಟಿ ಬಂದು ನನ್ನ ತೋಳಿನ ಮೇಲಿಟ್ಟರು. "ಭಾಳ ಕಾದೇನ್ರಿ ಅಕ್ಕೋರ. ಬರಲಿಲ್ರಿ."

ನನಗೆ ಆಮೇಲೆ ಇಬ್ಬರು ಮಕ್ಕಳಾದರು. ಆದರೆ ಆ ಮೊದಲನೆಯದನ್ನು ಯಾರೋ ಅವಸರದಿಂದ ಕೈಬಿಟ್ಟರು ಎಂಬ ಸಂಶಯ ಒಂದು ದಿನವೂ ನನ್ನನ್ನು ಕಾಡಿಲ್ಲ. ಆ ನೆಮ್ಮದಿ ಅವರು ಕೊಟ್ಟದ್ದು.

ಆ ದೀಪಾವಳಿಗೆ ಅವರು ಹೊಸ ಗರಿಹುಳ ತಂದರು. ಎರಡು ವರ್ಷಕ್ಕೆ ಇಂಡಿಗೆ ವರ್ಗವಾಗಿ ಹೋಗುವಾಗ ತೊಟ್ಟಿಯನ್ನೂ ಒಯ್ದರು. ಅಲ್ಲಿ ಕಾಮಾಲೆಯಿಂದ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹನ್ನೆರಡು ದಿನ ಕಳೆದ ಮೇಲೆ. ಹೋದೆ. ಮನೆಯ ಒಡತಿ ತೊಟ್ಟಿ ತೋರಿಸಿ, ಒಳಗಿನದು ಸತ್ತಿದೆ, ಒಯ್ಯುವುದಿದ್ದರೆ ಒಯ್ಯಿರಿ ಎಂದರು. ನೀರು ಕೆಂಪು ಗೆರೆಯಿಂದ ನಾಲ್ಕು ಬೆರಳು ಇಳಿದಿತ್ತು. ಗರಿಗಳು ತಳದಲ್ಲಿದ್ದವು. ಕೊಳವೆ ಕಲ್ಲಿಗೆ ಅಂಟಿಕೊಂಡೇ ಇತ್ತು.

ತೊಟ್ಟಿ, ಟ್ಯೂಬು, ತೇಲುಕಡ್ಡಿ, ಎರಡು ಕ್ಯಾನು ನೀರು ಬಸ್ಸಿಗೆ ಹಾಕಿ, ಕಲ್ಲಿನ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಅರ್ಧ ಮೈಲಿ ನಡೆದು ಸಿಹಿನೀರು ಹೊತ್ತೆ. ಟ್ಯೂಬಿಗೆ ಗಾಳಿ ಹಾಕಿಸಿದೆ, ತೇಲುಕಡ್ಡಿ ಬಿಟ್ಟು ನೋಡಿದೆ. ಮೂರು ವಾರವಾಯಿತು, ಐದು ವಾರವಾಯಿತು. ವಾಸನೆ ಎದ್ದಿತೆಂದು ಮನೆಯವರು ಗೊಣಗಿದ ಮೇಲೂ ಒಂದು ವಾರ ಬಿಡಲಿಲ್ಲ. ಆಮೇಲೆ ಕೊಳವೆಯನ್ನು ಕಲ್ಲಿನ ಸಮೇತ ಮಣ್ಣು ಮಾಡಿದೆ. ಭಾಳ ಕಾದೆ ನರ್ಸಬಾಯಾರೆ, ಬರಲಿಲ್ಲ ಎಂದು ಹೇಳೋಣವೆಂದರೆ, ಗೋಡೆಯ ಆಚೆ ಅವರಿದ್ದ ಕೋಣೆಯಲ್ಲಿ ಆಗಲೇ ಬೇರೆ ಯಾರೋ ಇದ್ದರು.