ಟೂರ್ಗುನ್‌ಳ ಹಸಿರು ದೀಪ

ಟೂರ್ಗುನ್‌ಗೆ ಕೋಪ ಮೂಗಿನ ತುದಿಯಲ್ಲೇ ಎಂದು ನಾರ್ವೆಯ ನಮ್ಮ ಓಲೆಸುಂಡ್ ಬಂದರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆಫೀಸಿನ ಕಾಫಿ ಯಂತ್ರಕ್ಕೆ ಬೈದಿದ್ದಾಳೆ, ಪಾರ್ಕಿಂಗ್ ಕಾಯುವವನಿಗೆ ಬೈದಿದ್ದಾಳೆ. ಪಾದ್ರಿ ಪ್ರವಚನದಲ್ಲಿ ಶೇಕಡಾ ಲೆಕ್ಕ ತಪ್ಪಾಗಿ ಹೇಳಿದರೆಂದು ಚರ್ಚಿನ ಬಾಗಿಲಲ್ಲೇ ನಿಲ್ಲಿಸಿ ಕೇಳಿದ್ದಾಳೆ. ಅವಳ ಕೋಪದ ಕಥೆ ಹೇಳುವವರಿಗೆ ಬರವಿಲ್ಲ. ಅದು ಯಾಕೆ ಬರುತ್ತದೆ ಎಂದು ಯೋಚಿಸುವ ವ್ಯವಧಾನ ಮಾತ್ರ ಯಾರಿಗೂ ಇಲ್ಲ.

ಅವಳು ಬರೆದ ಪ್ರೋಗ್ರಾಂ ಮೀನುಗಾರಿಕೆಯ ಹಡಗುಗಳಲ್ಲಿ ಓಡುತ್ತಿತ್ತು. ಟ್ಯಾಂಕುಗಳಲ್ಲಿ ಎಷ್ಟು ಭಾರವಿದೆ, ಡೆಕ್ಕಿನ ಮೇಲೆ ಎಷ್ಟಿದೆ ಎಂದು ನೋಡಿ, ಅಲೆಗೆ ವಾಲಿದ ಹಡಗು ಮತ್ತೆ ನೆಟ್ಟಗಾಗುತ್ತದೋ ಇಲ್ಲವೋ ಎಂದು ಅದು ಲೆಕ್ಕ ಹಾಕುತ್ತಿತ್ತು. ಆಗುತ್ತದೆ ಎಂದಾದರೆ ಹಸಿರು ದೀಪ, ಇಲ್ಲವಾದರೆ ಕೆಂಪು. ಅಂಥ ಹಡಗುಗಳಲ್ಲಿ ಹಾವ್‌ಸೂಲಾ ಕೂಡ ಒಂದು. ಅದರ ಕ್ಯಾಪ್ಟನ್ ಓಡ್ವಾರ್ ಅವಳ ಒಡಹುಟ್ಟಿದ ಅಣ್ಣ. ಅಂಕಿ ತಪ್ಪಿದರೆ ಮುಳುಗುವವನು ಅಣ್ಣ ಎಂದು ಗೊತ್ತಿರುವವಳು ನಗುನಗುತ್ತಾ ಕೆಲಸ ಮಾಡಬೇಕು ಎಂದರೆ ಅದು ಯಾವ ನ್ಯಾಯ?

ಆ ಅಣ್ಣನಿಗೋ, ಇದ್ಯಾವುದೂ ಲೆಕ್ಕಕ್ಕೇ ಇರಲಿಲ್ಲ. ಕ್ರಿಸ್‌ಮಸ್ ಊಟಕ್ಕೆ ಮನೆಮಂದಿಯೆಲ್ಲ ಕೂತು ಬೇಯಿಸಿದ ಕುರಿಯ ಪಕ್ಕೆಲುಬು ಚೀಪುತ್ತಿದ್ದಾಗ ಎಲ್ಲರೆದುರೇ ಶುರುಮಾಡಿದ.

"ನಿನ್ನ ದೀಪ ನಮ್ಮತ್ತೆ ಇದ್ದಂಗೆ ಕಣೇ. ಯಾವಾಗ ಮುಖ ಕೆಂಪಗೆ ಮಾಡ್ಕೊಳ್ಳುತ್ತೆ ಅಂತ ದೇವ್ರಿಗೇ ಗೊತ್ತು. ಅದೇ ಮೀನು, ಅದೇ ಭಾರ. ದಡದಲ್ಲಿ ನಿಮ್ಮ ಆಫೀಸಿನ ಲೆಕ್ಕದಲ್ಲಿ ಹಸಿರು, ನನ್ನ ಹಡಗಲ್ಲಿ ಕೆಂಪು. ನಾನು ಯಾವುದನ್ನ ನಂಬ್ಲಿ?"

ಎಲ್ಲರೂ ನಕ್ಕರು. ಟೂರ್ಗುನ್ ಮಾತ್ರ ಫೋರ್ಕ್ ಕೆಳಗಿಟ್ಟಳು. ಅವನು ಗೇಲಿ ಮಾಡಿದ್ದಕ್ಕಿಂತ, ಅವನು ಹೇಳಿದ್ದು ನಿಜ ಎನ್ನುವುದು ಅವಳ ಹೊಟ್ಟೆ ಉರಿಸಿತು.

ಹಡಗಿನಲ್ಲಿ ಇದ್ದದ್ದು ಎರಡು ಪ್ರೋಗ್ರಾಂ. ಒಂದು ಭಾರಗಳನ್ನು ಅಳೆದು ಪಠ್ಯವಾಗಿ ಬರೆದಿಡುತ್ತದೆ, ಇನ್ನೊಂದು ಅದನ್ನು ಓದಿ ದೀಪ ಹಚ್ಚುತ್ತದೆ. ಕಂಪ್ಯೂಟರಿನ ಹೊಟ್ಟೆಯೊಳಗೆ ಎಲ್ಲವೂ ಎರಡರ ಲೆಕ್ಕ, ಬರೀ ಸೊನ್ನೆ ಮತ್ತು ಒಂದು. ಅದನ್ನು ನಮ್ಮ ಹತ್ತರ ಲೆಕ್ಕಕ್ಕೆ ಇಳಿಸಿ, ಕೆಲವೇ ಅಂಕಿಗೆ ನಿಲ್ಲಿಸಿದರೆ ಚುಕ್ಕೆಯಾಚೆಗಿನ ಸಂಖ್ಯೆಯ ಬಾಲ ತುಂಡಾಗುತ್ತದೆ. ಭಾರ ಗಡಿಯಂಚಿನಲ್ಲಿದ್ದಾಗ ಆ ತುಂಡು ಬಾಲವೇ ಕೆಂಪೋ ಹಸಿರೋ ಎಂದು ತೀರ್ಮಾನಿಸಿಬಿಡುತ್ತಿತ್ತು. ಅವಳ ಪರಿಹಾರ ಸರಳ. ಸಂಖ್ಯೆಯನ್ನು ಹದಿನಾರರ ಲೆಕ್ಕದಲ್ಲಿ ಬರೆಯುವುದು: ಸೊನ್ನೆಯಿಂದ ಒಂಬತ್ತು, ಆಮೇಲೆ ಎ ಇಂದ ಎಫ್. ಯಾವ ಸಂಖ್ಯೆಯೇ ಆಗಲಿ, ಮೊದಲು ಒಂದು, ಚುಕ್ಕೆ, ಬಾಲ, ಕೊನೆಗೆ ಎಷ್ಟು ಸಲ ದುಪ್ಪಟ್ಟು ಮಾಡಬೇಕೆಂಬ ಸೂಚನೆ. ಹಾಗೆ ಬರೆದರೆ ಯಂತ್ರದೊಳಗೆ ಇದ್ದದ್ದು ಇದ್ದಂತೆಯೇ ಹೊರಗೆ ಬರುತ್ತದೆ, ಕೂದಲೆಳೆಯಷ್ಟೂ ಕಳೆದುಹೋಗುವುದಿಲ್ಲ.

ಮೇಲಧಿಕಾರಿ ಸಿಂದ್ರೆ ಅವಳಿಗಿಂತ ತುಂಬಾ ಚಿಕ್ಕವನು. ಅವನು ರಾಗ ಎಳೆದ.

"ಅದನ್ನ ಮನುಷ್ಯರು ಯಾರು ಓದ್ತಾರೆ ಟೂರ್ಗುನ್ನವ್ರೇ? ಏನೋ ಒಂದು ಎಡವಟ್ಟಾಯ್ತು ಅಂದ್ಕೊಳ್ಳಿ, ಹಡಗಿನವ್ರು ನೋಡಿದ್ರೆ ಗೊತ್ತಾಗ್ಬೇಕಲ್ವಾ?"

"ಮನುಷ್ಯರು ಓದಿದ್ದು ಸಾಕಪ್ಪ. ಹತ್ತರ ಲೆಕ್ಕದಲ್ಲಿ ಓದೀ ಓದೀ ನನ್ನಣ್ಣ ಕ್ರಿಸ್‌ಮಸ್ ದಿನ ನನ್ನ ಮಾನ ಕಳ್ದ. ಇದನ್ನ ಓದೋದು ಯಂತ್ರ, ಅದು ಓದಿದ್ರೆ ಸಾಕು."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಇವಳು ಬಿಡಲಿಲ್ಲ. ಜೋರು ಬಾಯಿಯವರದೇ ಗೆಲುವು ಎನ್ನುವುದು ಎಲ್ಲ ಆಫೀಸುಗಳಲ್ಲೂ ಇರುವ ದರಿದ್ರ ಪದ್ಧತಿ. ಅವಳು ಬರೆದಳು, ಆಫೀಸಿನಲ್ಲಿ ಎಲ್ಲರೂ ಪರೀಕ್ಷಿಸಿದರು, ಅಂಕಿಗಳು ಕೊನೆಯ ಬಾಲದ ತನಕ ತಾಳೆಯಾದವು. ಹೊಸ ಪ್ರೋಗ್ರಾಂ ಹಡಗುಗಳಿಗೆ ಹೋಯಿತು.

ಹೆರಿಂಗ್ ಮೀನಿನ ಸುಗ್ಗಿ ಬಂತು. ಶುಕ್ರವಾರ ಆಫೀಸಿನಲ್ಲಿ ಎಂದಿನಂತೆ ವಾಫಲ್ ಎಂಬ ಸಿಹಿ ದೋಸೆ ಹುಯ್ಯುತ್ತಿದ್ದರು. ಆಗ ಓಡ್ವಾರ್‌ನ ಫೋನ್ ಬಂತು.

"ಏ ತಂಗಿ, ಈ ಸಲ ನಿನ್ನ ದೀಪ ಬುದ್ಧಿ ಕಲ್ತಿದೆ ಕಣೇ. ಒಂದು ಸಲಾನೂ ಮುನಿಸ್ಕೊಂಡಿಲ್ಲ. ಭೇಷ್ ಅನ್ನೋಣ ಅಂತ ಫೋನ್ ಮಾಡ್ದೆ."

ಹುಟ್ಟಿದಾಗಿನಿಂದ ಅಣ್ಣನ ಬಾಯಲ್ಲಿ ಅವಳು ಭೇಷ್ ಎನ್ನಿಸಿಕೊಂಡವಳಲ್ಲ. ವಾಫಲ್ ಮೇಲೆ ಜಾಮ್ ಸುರಿದುಕೊಳ್ಳುತ್ತಾ ನಿಂತಳು. ಆ ಒಂದು ಗಳಿಗೆ ಅವಳಿಗೆ ಯಾರ ಮೇಲೂ ಕೋಪವಿರಲಿಲ್ಲ.

"ಟ್ಯಾಂಕೆಲ್ಲ ಬಾಯ್ತನಕ ತುಂಬ್ಸಿದೀನಿ," ಎಂದ ಅಣ್ಣ. "ಉಳಿದಿದ್ದನ್ನ ಡೆಕ್ ಮೇಲೂ ಹಾಕ್ಕೊಂಡೆ. ಆದ್ರೂ ಹಸಿರು ನೋಡು. ಇನ್ನು ಸ್ಟಾಡ್ ಸುತ್ಕೊಂಡು ಮನೆಗೆ ಬರೋದೇ."

ಅವಳು ವಾಫಲ್ ಪಕ್ಕಕ್ಕೆ ತಳ್ಳಿದಳು. ಹಾವ್‌ಸೂಲಾದ ಲೆಕ್ಕ ಹಾಕಿದವಳು ಅವಳೇ. ಟ್ಯಾಂಕು ತುಂಬಿ ಡೆಕ್ಕಿನ ಮೇಲೂ ಮೀನು ಹೇರಿದರೆ ಆ ಹಡಗಿಗೆ ಹಸಿರು ದೀಪ ಬರಲು ಸಾಧ್ಯವೇ ಇಲ್ಲ. ಸ್ಟಾಡ್ ಭೂಶಿರದಾಚೆಯ ಸಮುದ್ರವೋ, ಹಗುರ ಹಡಗುಗಳನ್ನೇ ಮಗುಚಿಹಾಕುವಂಥದ್ದು.

"ಐದು ನಿಮಿಷ ಇರು, ನಾನೇ ಫೋನ್ ಮಾಡ್ತೀನಿ," ಎಂದು ಫೋನ್ ಇಟ್ಟವಳು ನೇರ ಸಿಂದ್ರೆಯ ಕೋಣೆಗೆ ನುಗ್ಗಿದಳು.

"ಏನು ಮಾಡ್ದೆ ನೀನು? ನನ್ನ ಪ್ರೋಗ್ರಾಂನಲ್ಲಿ ಕೈಯಾಡ್ಸಿದೀಯ. ಹೇಳು, ಎಲ್ಲಿ ಹಾಳ್ಮಾಡಿದೀಯ?"

ಸಿಂದ್ರೆ, ಹಾವ್‌ಸೂಲಾ ಆ ಬೆಳಿಗ್ಗೆ ಕಳಿಸಿದ ಪಠ್ಯವನ್ನು ತೆರೆದು ಪರದೆಯನ್ನು ಅವಳ ಕಡೆ ತಿರುಗಿಸಿದ. ಪ್ರತಿ ಸಾಲಿನಲ್ಲೂ ಒಂದು, ಆಮೇಲೆ ಬಾಲ. ನಡುವೆ ಚುಕ್ಕೆ ಇರಬೇಕಾದ ಕಡೆ ಅಲ್ಪವಿರಾಮ.

ಅವಳಿಗೆ ಕ್ಷಣದಲ್ಲಿ ಎಲ್ಲ ತಿಳಿಯಿತು. ನಾವು ನಾರ್ವೆಯವರು ಸಂಖ್ಯೆಯ ನಡುವೆ ಚುಕ್ಕೆ ಇಡುವುದಿಲ್ಲ, ಅಲ್ಪವಿರಾಮ ಇಡುತ್ತೇವೆ. ಹಡಗಿನ ಕಂಪ್ಯೂಟರ್ ನಾರ್ವೇಜಿಯನ್ ಭಾಷೆಯಲ್ಲಿತ್ತು, ಹಾಗಾಗಿ ಹದಿನಾರರ ಲೆಕ್ಕಕ್ಕೂ ನಮ್ಮ ಪದ್ಧತಿಯನ್ನೇ ಅಂಟಿಸಿತ್ತು. ಓದುವ ಪ್ರೋಗ್ರಾಂ ಈ ಸಲ ಅವಳು ಇಂಗ್ಲಿಷಿನಲ್ಲಿ ಹೊಸದಾಗಿ ಕಟ್ಟಿಕೊಟ್ಟದ್ದು, ಅದಕ್ಕೆ ಗೊತ್ತಿದ್ದದ್ದು ಚುಕ್ಕೆ ಮಾತ್ರ. ಅದು ಒಂದು ಎಂದು ಓದಿ ಅಲ್ಪವಿರಾಮ ಕಂಡ ಕೂಡಲೇ, ಬಾಲವನ್ನೂ ದುಪ್ಪಟ್ಟಿನ ಸೂಚನೆಯನ್ನೂ ಓದದೆ ನಿಂತುಬಿಡುತ್ತಿತ್ತು. ನೂರು ಟನ್ನಿನ ಟ್ಯಾಂಕೂ ಒಂದು ಟನ್, ಡೆಕ್ಕಿನ ರಾಶಿಯೂ ಒಂದು ಟನ್. ದೀಪದ ಪಾಲಿಗೆ ಅಣ್ಣ ಖಾಲಿ ಹಡಗು ಓಡಿಸುತ್ತಿದ್ದ. ಆಫೀಸಿನಲ್ಲಿ ಇದು ಸಿಕ್ಕಲಿಲ್ಲ, ಯಾಕೆಂದರೆ ಇಲ್ಲಿ ಎಲ್ಲರೂ ತಮ್ಮ ಕಂಪ್ಯೂಟರನ್ನು ಇಂಗ್ಲಿಷಿನಲ್ಲೇ ಇಟ್ಟುಕೊಳ್ಳುತ್ತಾರೆ, ತಾಯ್ನುಡಿಯಲ್ಲಿ ಕೆಲಸ ಮಾಡುವುದು ಅವಮಾನ ಎನ್ನುವಂತೆ. ಅವಳೂ ಅಷ್ಟೇ. ಹತ್ತರ ಲೆಕ್ಕವಾಗಿದ್ದರೆ, ಪಠ್ಯದಲ್ಲಿ ಇಷ್ಟು ಭಾರ ಇದ್ದೂ ದೀಪ ಹಸಿರು ಎನ್ನುವುದು ಹಡಗಿನಲ್ಲಿ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಮನುಷ್ಯರು ಓದುವುದು ಬೇಡ ಎಂದವಳು ಅವಳೇ.

ನಾನು ಮೊದಲೇ ಹೇಳಿದ್ದೆ ಎಂದು ಸಿಂದ್ರೆ ಹೇಳಲಿಲ್ಲ. ಹೇಳಿದ್ದರೆ ಅವನನ್ನು ಹಿಡಿದು ಬೈಯಬಹುದಿತ್ತು. ಆ ಸುಖವನ್ನೂ ಅವನು ಕೊಡಲಿಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಅಲ್ಲೇ ನಿಂತು ಅಣ್ಣನಿಗೆ ಫೋನ್ ಮಾಡಿದಳು.

"ಅಣ್ಣ, ಆ ಹಸಿರು ಸುಳ್ಳು. ಸ್ಟಾಡ್ ಕಡೆ ಹೋಗ್ಬೇಡ. ಮೋಲೊಯ್ ಬಂದರಿಗೆ ತಿರುಗ್ಸು, ಡೆಕ್ ಮೇಲಿಂದು ಅಲ್ಲೇ ಇಳ್ಸು."

ಆ ಕಡೆ ಎಂಜಿನ್ನಿನ ಸದ್ದು ಜೋರಾಯಿತು.

"ಈಗ್ತಾನೆ ಭೇಷ್ ಅಂದೆ," ಎಂದ ಓಡ್ವಾರ್. "ಯಾರ್ದು ತಪ್ಪು?"

ಹಡಗಿನ ಕಂಪ್ಯೂಟರಿನದು ಎನ್ನಬಹುದಿತ್ತು. ಮುಂದೆ ನಿಂತಿದ್ದ ಸಿಂದ್ರೆಯದು ಎಂದಿದ್ದರೂ ಅಣ್ಣ ನಂಬುತ್ತಿದ್ದ.

"ನಂದು," ಎಂದಳು.

"ಸ್ಪೀಕರಲ್ಲಿದೀಯ ಕಣೇ, ಹುಡುಗ್ರೆಲ್ಲ ಇಲ್ಲೇ ಇದಾರೆ. ಎಂಜಿನ್ ಸದ್ದು, ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

ಅವಳಿಗೆ ಅವನ ಕುತ್ತಿಗೆ ಹಿಸುಕುವಷ್ಟು ಸಿಟ್ಟು ಬಂತು. ಆದರೆ ಹಡಗು ಇನ್ನೂ ನೀರಿನ ಮೇಲಿತ್ತು.

"ತಪ್ಪು ನಂದು. ನಾನೇ ಮಾಡಿದ್ದು. ಕೇಳಿಸ್ತಾ? ಈಗ ಹಡಗು ತಿರುಗ್ಸು."

"ನೀನು ಮೊದಲನೇ ಸಲ ಹೇಳ್ದಾಗ್ಲೇ ತಿರುಗ್ಸಿದೀನಿ."

"ಮತ್ತೆ ಇನ್ನೊಂದ್ಸಲ ಯಾಕೆ ಹೇಳ್ಸಿದೆ?"

"ನೀನು ಹುಟ್ಟಿದಾಗಿಂದ ಈ ಮಾತಿಗೆ ಕಾಯ್ತಾ ಇದ್ದೆ ಕಣೇ, ಬಿಡ್ತೀನಾ?"

ಟೂರ್ಗುನ್ ಫೋನ್ ಇಟ್ಟಳು. ಸಿಂದ್ರೆಯ ಕುರ್ಚಿಯಲ್ಲೇ ಕುಸಿದು ಕೂತು, ಬದುಕಿರುವ ಅಣ್ಣನನ್ನು ಬಾಯಿಗೆ ಬಂದಂತೆ ಬೈಯತೊಡಗಿದಳು. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು. ಸಿಂದ್ರೆ ಉಳಿದ ಹಡಗುಗಳಿಗೆ ಫೋನ್ ಮಾಡಲು ಹೊರಗೆ ಹೋಗಿ ಮೆಲ್ಲಗೆ ಬಾಗಿಲು ಎಳೆದುಕೊಂಡ.